ಒಂದೇ ಹಕ್ಕಿಗೆ ಎರಡು ಅಂಗಿ: ತಿಂಗಳು ನೋಡಿ ಹಕ್ಕಿ ಗುರುತಿಸೋದು

[ದೃಶ್ಯ: ಹಳೆಯ ನೋಟ್‌ಬುಕ್ಕಿನ ಎರಡು ಪುಟ, ಅಕ್ಕಪಕ್ಕದಲ್ಲಿ]

ನಮಸ್ಕಾರ. ಇದು ನಾನು ಹಕ್ಕಿ ನೋಡಲು ಶುರು ಮಾಡಿದ ಮೊದಲ ವರ್ಷದ ನೋಟ್‌ಬುಕ್. ಎಡಗಡೆ ಪುಟ ನೋಡಿ. "ಮಣ್ಣುಬಣ್ಣದ ಬಕ. ಎದೆ, ಕತ್ತಿನ ಮೇಲೆಲ್ಲ ಗೆರೆ. ನೀರಿನಂಚಲ್ಲಿ ಕಲ್ಲಿನ ಹಾಗೆ ಕೂತಿದೆ." ಈಗ ಬಲಗಡೆ ಪುಟ, ಕೆಲವು ತಿಂಗಳ ನಂತರದ್ದು. "ಹೊಸ ಹಕ್ಕಿ! ಬೆನ್ನು ದಟ್ಟ ಮರೂನ್. ಕತ್ತು ತಿಳಿ ಕಂದು, ಗೆರೆ ಇಲ್ಲ. ತಲೆ ಹಿಂದೆ ಉದ್ದ ಗರಿ." ಪಕ್ಕದಲ್ಲಿ ಎರಡು ಸ್ಟಾರ್ ಬೇರೆ ಹಾಕಿಕೊಂಡಿದ್ದೇನೆ.

ಎರಡೂ ಒಂದೇ ಹಕ್ಕಿ. ಕೊಳದ ಬಕ. ಮೊದಲನೆಯದು ಅದರ ಮಾಮೂಲಿ ಬಟ್ಟೆ, ಎರಡನೆಯದು ಮರಿ ಮಾಡುವ ಕಾಲದ ಮದುವೆ ಬಟ್ಟೆ. ಗೊತ್ತಾದಾಗ ನಾಚಿಕೆ ಆಯಿತು. ಆದರೂ ಆ ಸ್ಟಾರ್ ಅಳಿಸಿಲ್ಲ.

ಈ ತಪ್ಪು ಮಾಡುವವರಲ್ಲಿ ನನ್ನ ಜೊತೆಗೆ ದೊಡ್ಡವರೇ ಇದ್ದಾರೆ. ಸುಮಾರು 2300 ವರ್ಷಗಳ ಹಿಂದೆ ಗ್ರೀಸಿನಲ್ಲಿ ಅರಿಸ್ಟಾಟಲ್ ಒಂದು ವಿಷಯ ಗಮನಿಸಿದ. ಬೇಸಿಗೆಯಲ್ಲಿ ಕಾಣುವ ರೆಡ್‌ಸ್ಟಾರ್ಟ್ ಅನ್ನುವ ಪುಟ್ಟ ಹಕ್ಕಿ ಚಳಿಗಾಲದಲ್ಲಿ ಮಾಯವಾಗುತ್ತದೆ. ಅದೇ ಹೊತ್ತಿಗೆ ರಾಬಿನ್ ಕಾಣಿಸಿಕೊಳ್ಳುತ್ತದೆ. ಎರಡೂ ಹತ್ತಿರಹತ್ತಿರ ಒಂದೇ ಗಾತ್ರ, ಎರಡರ ಮೈಮೇಲೂ ಕೆಂಪು ಛಾಯೆ. ಹಾಗಾದರೆ ಅದೇ ಇದಾಗಿ ಬದಲಾಗುತ್ತದೆ ಎಂದು ಅವನು ತೀರ್ಮಾನಿಸಿದ. ನಿಜವಾಗಿ ಒಂದು ವಲಸೆ ಹೋಗುತ್ತಿತ್ತು, ಇನ್ನೊಂದು ವಲಸೆ ಬರುತ್ತಿತ್ತು. ನಾನು ಒಂದನ್ನು ಎರಡು ಮಾಡಿದೆ, ಅವನು ಎರಡನ್ನು ಒಂದು ಮಾಡಿದ.

ಇವತ್ತು ಮಾತಾಡಬೇಕಾಗಿರುವುದು ಈ ಗೊಂದಲದ ಬಗ್ಗೆಯೇ. ಹಕ್ಕಿ ಕಂಡ ಕೂಡಲೇ ನಾವೆಲ್ಲ ನೋಡುವುದು ಬಣ್ಣ. ನಮಗೆ ಜಾಸ್ತಿ ಮೋಸ ಮಾಡುವುದೂ ಬಣ್ಣವೇ.

[ದೃಶ್ಯ: ಒಂದು ಗರಿಯ ಹತ್ತಿರದ ಚಿತ್ರ]

ಮೊದಲು ಗರಿ ಎಂದರೇನು ಅಂತ ನೋಡೋಣ. ಪೂರ್ತಿ ಬೆಳೆದ ಗರಿ ನಮ್ಮ ಉಗುರಿನ ಹಾಗೆ ಜೀವ ಇಲ್ಲದ್ದು. ಅದರೊಳಗೆ ರಕ್ತ ಹರಿಯುವುದಿಲ್ಲ. ಹಾಗಾಗಿ ಹಕ್ಕಿಗೆ ಬೇಕೆಂದಾಗ ಅದರ ಬಣ್ಣ ಬದಲಿಸಲು ಆಗುವುದಿಲ್ಲ. ಹಳೆಯ ಗರಿ ಉದುರಬೇಕು, ಆ ಜಾಗದಲ್ಲಿ ಹೊಸದು ಹುಟ್ಟಬೇಕು. ಕೊಳದ ಬಕ ಮಾಡುವುದು ಇದನ್ನೇ.

ಇನ್ನೊಂದು ದಾರಿ ಇದೆ. ನನಗೆ ತುಂಬಾ ಇಷ್ಟವಾದದ್ದು ಅದು. ಗಂಡು ಗುಬ್ಬಚ್ಚಿಯ ಗಂಟಲ ಕೆಳಗೆ ಕಪ್ಪು ಮಚ್ಚೆ ಇರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಮರಿ ಮಾಡುವ ಕಾಲ ಮುಗಿದ ಮೇಲೆ ಗುಬ್ಬಚ್ಚಿ ಹೊಸ ಗರಿ ಹಾಕಿಕೊಳ್ಳುತ್ತದೆ. ಆ ಗರಿಗಳ ಬುಡ ಕಪ್ಪು, ತುದಿ ಮಾತ್ರ ಮಾಸಲು ಬೂದು. ಆಗ ಮಚ್ಚೆ ಮುಸುಕು ಹಾಕಿದ ಹಾಗೆ ಕಾಣುತ್ತದೆ. ತಿಂಗಳುಗಳು ಕಳೆದ ಹಾಗೆ ತುದಿ ಸವೆಯುತ್ತದೆ, ಒಳಗಿದ್ದ ಕಪ್ಪು ಹೊರಗೆ ಬರುತ್ತದೆ. ಮತ್ತೆ ಜೋಡಿ ಹುಡುಕುವ ಹೊತ್ತಿಗೆ ಸರಿಯಾಗಿ ಮಚ್ಚೆ ದೊಡ್ಡದಾಗಿ ಕಾಣುತ್ತದೆ. ನಮ್ಮ ಅಂಗಿ ಸವೆದರೆ ಹಳತಾಗುತ್ತದೆ, ಗುಬ್ಬಚ್ಚಿಯ ಅಂಗಿ ಸವೆದರೆ ಹೊಸದಾಗುತ್ತದೆ. ಯುರೋಪಿನ ಸ್ಟಾರ್ಲಿಂಗ್ ಮಾಡುವುದೂ ಇದನ್ನೇ. ಹೊಸ ಗರಿ ಬಂದಾಗ ಮೈತುಂಬಾ ಬಿಳಿ ಚುಕ್ಕಿ. ಗರಿಯ ಆ ಬಿಳಿ ತುದಿಗಳು ಸವೆದು ಹೋದಾಗ ಹೊಳೆಯುವ ಕಪ್ಪು.

[ದೃಶ್ಯ: ಗಂಡು ಮಲ್ಲಾರ್ಡ್ ಬಾತು, ಎರಡು ಕಾಲದ ಚಿತ್ರ]

ಬಾತುಕೋಳಿಗಳದ್ದು ಇನ್ನೂ ವಿಚಿತ್ರ. ಗಂಡು ಮಲ್ಲಾರ್ಡ್ ಅಂದರೆ ಹೊಳೆಯುವ ಹಸಿರು ತಲೆ, ಕತ್ತಿಗೆ ಬಿಳಿ ಪಟ್ಟಿ. ಆದರೆ ಮರಿ ಮಾಡುವ ಕಾಲ ಮುಗಿಯುತ್ತಿದ್ದಂತೆ ಅದು ಹೆಣ್ಣಿನ ಹಾಗೇ ಮಾಸಲು ಕಂದಾಗುತ್ತದೆ. ಕಾರಣ ಇದೆ. ಈ ಸಮಯದಲ್ಲಿ ಅದು ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತದೆ. ಮೂರು ನಾಲ್ಕು ವಾರ ಹಾರಲು ಆಗುವುದಿಲ್ಲ. ಹಾರಲಾಗದ ಬಾತು ಹಸಿರು ತಲೆ ಮಿಂಚಿಸಿಕೊಂಡು ತಿರುಗಿದರೆ ಏನಾಗಬಹುದು, ನೀವೇ ಯೋಚಿಸಿ. ಈ ಕಾಲದಲ್ಲಿ ಕೆರೆ ನೋಡಿದವರು "ಎಲ್ಲ ಹೆಣ್ಣೇ ಇವೆ" ಅಂದುಕೊಳ್ಳುತ್ತಾರೆ. ಕೊಕ್ಕು ನೋಡಿ. ಗಂಡಿನ ಕೊಕ್ಕು ಆಗಲೂ ಹಳದಿಯೇ. ಹೆಣ್ಣಿನದು ಕಿತ್ತಳೆ, ಅದರ ಮೇಲೆ ಕಪ್ಪು ಕಲೆ.

ಸೂರಕ್ಕಿಗಳಲ್ಲಿ ಪೂರ್ತಿ ಕಪ್ಪಾಗಿ ಕಂಡು, ಬಿಸಿಲು ಬಿದ್ದಾಗ ನೇರಳೆ ಹೊಳೆಯುವುದೊಂದಿದೆ. ಆ ಗಂಡು ಕೂಡ ಮರಿ ಕಾಲ ಮುಗಿದ ಮೇಲೆ ಹಳದಿ ಹೊಟ್ಟೆಯ ಹಕ್ಕಿಯಾಗುತ್ತದೆ. ಆದರೆ ಗಲ್ಲದಿಂದ ಹೊಟ್ಟೆಯ ತನಕ ನಡುವೆ ಒಂದು ಕಪ್ಪು ಗೆರೆ ಉಳಿದಿರುತ್ತದೆ. ಯಾರೋ ಪೆನ್ನಿನಲ್ಲಿ ಎಳೆದು ಬಿಟ್ಟ ಹಾಗೆ. ಅದನ್ನು ಬೇರೆ ಜಾತಿಯ ಸೂರಕ್ಕಿ ಎಂದು ಬರೆದುಕೊಂಡವರು ಎಷ್ಟು ಜನವೋ.

ಇನ್ನು ಮರಿಗಳು. ದೊಡ್ಡ ಕಡಲಹಕ್ಕಿಗಳಿಗೆ, ಅಂದರೆ ಗಲ್ ಜಾತಿಯವಕ್ಕೆ, ದೊಡ್ಡವರ ಬಣ್ಣ ಬರಲು ನಾಲ್ಕು ವರ್ಷ ಬೇಕು. ಪ್ರತಿ ವರ್ಷ ಒಂದೊಂದು ವೇಷ. ಶುರುವಿನಲ್ಲೇ ಇವುಗಳ ತಂಟೆಗೆ ಹೋಗಬೇಡಿ, ಸುಮ್ನೆ ತಲೆನೋವು.

[ದೃಶ್ಯ: ನೀರಿನಂಚಿನಲ್ಲಿ ಕೊಳದ ಬಕ, ಆಮೇಲೆ ಹಾರುವುದು]

ಹಾಗಾದರೆ ಬದಲಾಗದೇ ಇರುವುದು ಏನು? ಆಕಾರ. ಮತ್ತೆ ನಡವಳಿಕೆ.

ಕೊಳದ ಬಕ ಮಣ್ಣುಬಣ್ಣದಲ್ಲಿರಲಿ, ಮರೂನ್‌ನಲ್ಲಿರಲಿ, ಕತ್ತು ಒಳಗೆ ಎಳೆದುಕೊಂಡು ಕೂರುವ ರೀತಿ ಒಂದೇ. ಹತ್ತಿರ ಹೋದರೆ ಎದ್ದು ಹಾರುತ್ತದೆ. ಹಾರಿದ ಕೂಡಲೇ ಎರಡು ರೆಕ್ಕೆ ಬೆಳ್ಳಗೆ ಬಿಚ್ಚಿಕೊಳ್ಳುತ್ತವೆ. ಆ ಬಿಳಿ ವರ್ಷವಿಡೀ ಇರುತ್ತದೆ. ಮೊದಲ ವರ್ಷ ನಾನು ಅದನ್ನು ಹಾರುವಾಗ ನೋಡಿದ್ದರೆ ಎರಡು ಪುಟ ಬರೆಯುತ್ತಿರಲಿಲ್ಲ. ಕೂತದ್ದನ್ನು ನೋಡಿದೆ, ಖುಷಿಯಾಯಿತು, ಬರೆದೆ.

ಸಿಪಿಲೆ ನೋಡಿದ್ದೀರಲ್ಲ, ಬಾಲ ಕುಣಿಸುತ್ತಲೇ ಇರುತ್ತದೆ ಅಂತ ಕುಂಡೆಕುಸ್ಕ ಅಂತಲೂ ಕರೆಯುತ್ತಾರೆ. ಇದರಲ್ಲಿ ಬೂದು ಸಿಪಿಲೆ, ಹಳದಿ ಸಿಪಿಲೆ ಎಂದು ಎರಡಿವೆ. ಹೆಸರು ಇಟ್ಟವರು ನಮ್ಮ ಮೇಲೆ ಏನೋ ಸಿಟ್ಟು ತೀರಿಸಿಕೊಂಡಿದ್ದಾರೆ, ಯಾಕೆಂದರೆ ಬೂದು ಸಿಪಿಲೆಯ ಮೈಮೇಲೂ ಬೇಕಾದಷ್ಟು ಹಳದಿ ಇದೆ. ಬಣ್ಣ ಬಿಟ್ಟುಬಿಡಿ, ಬಾಲ ನೋಡಿ. ಬೂದು ಸಿಪಿಲೆಯ ಬಾಲ ಮೈಗಿಂತ ಜಾಸ್ತಿಯಾಯಿತೇನೋ ಅನ್ನುವಷ್ಟು ಉದ್ದ. ಬೆನ್ನು ಬೂದು. ಹರಿಯುವ ನೀರಿನ ಕಲ್ಲುಗಳ ಮೇಲೆ ಓಡಾಡುವುದು ಅದಕ್ಕೆ ಇಷ್ಟ. ಹಳದಿ ಸಿಪಿಲೆಯ ಬಾಲ ಅಷ್ಟು ಉದ್ದವಿಲ್ಲ, ಬೆನ್ನಿನಲ್ಲಿ ಹಸಿರು ಛಾಯೆ, ಒದ್ದೆ ಹುಲ್ಲುಗಾವಲಿನಲ್ಲಿ ಸಿಗುವುದು ಜಾಸ್ತಿ.

ಹಾಗೇ ಕಾಮನ್ ಸ್ಯಾಂಡ್‌ಪೈಪರ್. ನೀರಂಚಿನಲ್ಲಿ ಕಂದು ಬಣ್ಣದ ಇಂಥ ಹಕ್ಕಿಗಳು ಹತ್ತಾರು. ಆದರೆ ಇದರ ಹಿಂಭಾಗ ಸ್ಪ್ರಿಂಗ್ ಇಟ್ಟ ಹಾಗೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಹಾರುವಾಗ ನೀರಿಗೆ ತೀರಾ ಹತ್ತಿರ, ರೆಕ್ಕೆ ಗಟ್ಟಿ ಹಿಡಿದು ಚಿಕ್ಕಚಿಕ್ಕದಾಗಿ ಬಡಿಯುತ್ತದೆ. ಬೈನಾಕ್ಯುಲರ್ ಇಲ್ಲದೆಯೂ ಗೊತ್ತಾಗುತ್ತದೆ. ದೂರದಿಂದ ನಡಿಗೆ ನೋಡಿಯೇ ನಮ್ಮ ಮನೆಯವರನ್ನು ಗುರುತಿಸುತ್ತೇವಲ್ಲ, ಹಾಗೆ.

[ದೃಶ್ಯ: ಎಲೆಗಳ ನಡುವೆ ಪುಟ್ಟ ಹಸಿರು ಹಕ್ಕಿ, ಸರಿಯಾಗಿ ಕಾಣುವುದಿಲ್ಲ]

ಕೆಲವು ಹಕ್ಕಿಗಳ ವಿಷಯದಲ್ಲಿ ಆಕಾರವೂ ಕೈಕೊಡುತ್ತದೆ. ಎಲೆಗಳ ನಡುವೆ ಒಂದು ಕ್ಷಣ ನಿಲ್ಲದ ಉಲಿಯಕ್ಕಿಗಳು. ಎಲ್ಲವೂ ಹಸಿರುಗಂದು, ಎಲ್ಲವೂ ಚಿಕ್ಕವು. ಇಲ್ಲಿ ಕಿವಿಯೇ ಗತಿ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ, ಜನ ಒಂದೇ ಹಕ್ಕಿ ಅಂದುಕೊಂಡಿದ್ದನ್ನು ಮೂರು ಬೇರೆಬೇರೆ ಹಕ್ಕಿ ಎಂದು ಬಿಡಿಸಿ ಹೇಳಿದ. ಹಾಡು ಕೇಳಿಸಿಕೊಂಡೇ ಮೊದಲು ಅವನಿಗೆ ಅನುಮಾನ ಬಂದದ್ದು. ಅವುಗಳಿಗೆ ಈಗ ಚಿಫ್‌ಚಾಫ್, ವಿಲೋ ವಾರ್ಬ್ಲರ್, ವುಡ್ ವಾರ್ಬ್ಲರ್ ಎಂದು ಹೆಸರು.

ಕಿವಿಗೂ ಋತು ಇದೆ ಅನ್ನುವುದು ನೆನಪಿರಲಿ. ಕೋಗಿಲೆ ಕೂಗುವುದು ನಿಂತರೆ "ಕೋಗಿಲೆ ಹೊರಟು ಹೋಯಿತು" ಅನ್ನುತ್ತೇವೆ. ಎಷ್ಟೋ ಕಡೆ ಅದು ಎಲ್ಲೂ ಹೋಗಿರುವುದಿಲ್ಲ. ಬಾಯಿ ಮುಚ್ಚಿಕೊಂಡು ಅದೇ ಮರದಲ್ಲಿ ಹಣ್ಣು ತಿನ್ನುತ್ತಿರುತ್ತದೆ. ಅದರ ಹೆಣ್ಣಂತೂ ಕಪ್ಪೇ ಅಲ್ಲ. ಕಂದು ಮೈ, ಮೇಲೆಲ್ಲ ಬಿಳಿ ಚುಕ್ಕಿ.

[ದೃಶ್ಯ: ಕ್ಯಾಲೆಂಡರ್]

ಈಗ ಕ್ಯಾಲೆಂಡರಿಗೆ ಬರೋಣ. ಹಕ್ಕಿಗೆ ತಿಂಗಳು ಹೇಗೆ ಗೊತ್ತಾಗುತ್ತದೆ? ಚಳಿ, ಸೆಕೆ ನೋಡಿ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ಒಂದು ಪ್ರಯೋಗ ಮಾಡಿದ. ಜಂಕೋ ಅನ್ನುವ ಪುಟ್ಟ ಹಕ್ಕಿಗಳನ್ನು ಕೊರೆಯುವ ಚಳಿಗಾಲದಲ್ಲಿ ಹೊರಗಡೆ ಪಂಜರದಲ್ಲೇ ಇಟ್ಟ. ಸಂಜೆಯಾದ ಮೇಲೆ ವಿದ್ಯುತ್ ದೀಪ ಹಾಕಿ, ದಿನದಿನಕ್ಕೂ ಬೆಳಕಿನ ಹೊತ್ತು ಸ್ವಲ್ಪಸ್ವಲ್ಪ ಹೆಚ್ಚಿಸಿದ. ಹೊರಗೆ ಹಿಮ. ಆದರೂ ಹಕ್ಕಿಗಳ ದೇಹದೊಳಗೆ ಮರಿ ಮಾಡುವ ಕಾಲದ ಬದಲಾವಣೆಗಳು ಶುರುವಾದವು. ಅಂದರೆ ಅವು ಅಳೆಯುತ್ತಿದ್ದದ್ದು ಹಗಲಿನ ಉದ್ದ. ಒಂದು ವರ್ಷ ಚಳಿ ಬೇಗ ಬರಬಹುದು, ಇನ್ನೊಂದು ವರ್ಷ ತಡ. ಹಗಲಿನ ಉದ್ದ ಮಾತ್ರ ಪ್ರತಿ ವರ್ಷ ಅದೇ ದಿನಕ್ಕೆ ಅಷ್ಟೇ. ವಲಸೆ ಹಕ್ಕಿಗಳು ಹೆಚ್ಚುಕಡಿಮೆ ಅದೇ ವಾರಕ್ಕೆ ಬರುವುದರ ಹಿಂದೆ ಈ ಲೆಕ್ಕವೂ ಇದೆ.

ಈ ತಾರೀಕಿನಿಂದ ಹಕ್ಕಿಯ ವಯಸ್ಸೂ ಹೇಳಬಹುದು. ಉತ್ತರದ ತಣ್ಣನೆ ಬಯಲುಗಳಲ್ಲಿ ಮರಿ ಮಾಡುವ ಎಷ್ಟೋ ಗೊರವಗಳಲ್ಲಿ, ಅಂದರೆ ಸ್ಯಾಂಡ್‌ಪೈಪರ್‌ನಂಥ ನೀರಂಚಿನ ಹಕ್ಕಿಗಳಲ್ಲಿ, ದೊಡ್ಡವು ಮೊದಲು ಹೊರಡುತ್ತವೆ, ಮರಿಗಳು ಹಿಂದಿನಿಂದ ತಾವೇ ಬರುತ್ತವೆ. ಮೊದಲ ತಂಡದ ಹಕ್ಕಿಗಳ ಗರಿ ಹರಿದು ಚಿಂದಿಯಾಗಿರುತ್ತದೆ. ಕೆಲವು ವಾರದ ನಂತರ ಬರುವ ಮರಿಗಳ ಗರಿ ಇಸ್ತ್ರಿ ಮಾಡಿದ ಹಾಗೆ, ಒಂದೊಂದಕ್ಕೂ ಚೊಕ್ಕ ಅಂಚು. ದಾರಿ ತೋರಿಸುವವರಿಲ್ಲದೆ ಬರುತ್ತವೆ ಅನ್ನುವುದೇ ನನಗೆ ಆಶ್ಚರ್ಯ. 2022ರಲ್ಲಿ ಬಾರ್-ಟೇಲ್ಡ್ ಗಾಡ್‌ವಿಟ್ ಜಾತಿಯ ಒಂದು ಹಕ್ಕಿ, ಹುಟ್ಟಿ ಸುಮಾರು ಐದೇ ತಿಂಗಳಾಗಿತ್ತು, ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ ಹಾರಿತು. 11 ದಿನ, ಸುಮಾರು 13,560 ಕಿಲೋಮೀಟರ್. ಮೈಮೇಲೆ ಕಟ್ಟಿದ್ದ ಉಪಗ್ರಹ ಟ್ಯಾಗ್‌ನಿಂದ ಇದು ಗೊತ್ತಾಯಿತು.

ಮರ್ಲಿನ್ ಎಂಬ ಉಚಿತ ಆ್ಯಪ್ ತುಂಬಾ ಜನ ಬಳಸುತ್ತೀರಿ. ಅದರಲ್ಲಿ ಹಂತಹಂತವಾಗಿ ಹಕ್ಕಿ ಹುಡುಕುವಾಗ ಅದು ಏನು ಕೇಳುತ್ತದೆ ಗಮನಿಸಿದ್ದೀರಾ? ಎಲ್ಲಿ ನೋಡಿದಿರಿ, ಯಾವಾಗ ನೋಡಿದಿರಿ, ಎಷ್ಟು ದೊಡ್ಡದು. ಬಣ್ಣ ಕೇಳುವುದು ಅದಾದ ಮೇಲೆ. ಜಾಗ ಮತ್ತು ತಾರೀಕು ಗೊತ್ತಾದರೆ ಮುಕ್ಕಾಲು ಪಾಲು ಹಕ್ಕಿಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ. ಆದರೆ ಅದು ದನಿ ಕೇಳಿ ಹೆಸರು ಹೇಳಿದಾಗ ಹಾಗೇ ನಂಬಬೇಡಿ. ಕಾಜಾಣ ಬೇರೆ ಹಕ್ಕಿಗಳ ದನಿ ಕದಿಯುವುದರಲ್ಲಿ ಎತ್ತಿದ ಕೈ. ಒಂದು ಬೆಳಿಗ್ಗೆ ಫೋನ್ ನನಗೆ ಒಂದೇ ಮರದಲ್ಲಿ ನಾಲ್ಕು ಜಾತಿ ತೋರಿಸಿತು. ಮರದಲ್ಲಿ ಇದ್ದದ್ದು ಒಂದೇ ಕಾಜಾಣ.

[ದೃಶ್ಯ: ಮತ್ತೆ ನೋಟ್‌ಬುಕ್, ಈ ಬಾರಿ ಹೊಸದು]

ಬರೆದುಕೊಳ್ಳುವ ವಿಷಯಕ್ಕೆ ಬಂದರೆ, ನಾನು ಈಗ ಪುಸ್ತಕ ತೆಗೆಯುವ ಮೊದಲು ಬರೆಯುತ್ತೇನೆ. ಪುಸ್ತಕದಲ್ಲಿ ಚಿತ್ರ ನೋಡಿದ ಮೇಲೆ ಬರೆದರೆ, ನೋಡದೇ ಇದ್ದ ಹುಬ್ಬು, ಪಟ್ಟಿ ಎಲ್ಲ ನೋಡಿದ್ದೆ ಅಂತ ಅನಿಸತೊಡಗುತ್ತದೆ. ಗುಬ್ಬಚ್ಚಿಗಿಂತ ದೊಡ್ಡದಾ, ಮೈನಾದಷ್ಟಾ, ಕಾಗೆಯಷ್ಟಾ? ಕೊಕ್ಕು ಹೇಗಿತ್ತು, ಏನು ಮಾಡುತ್ತಿತ್ತು? ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಅನ್ನುವುದನ್ನೂ ಬರೆಯುತ್ತೇನೆ. ಸೂರ್ಯ ಹಕ್ಕಿಯ ಹಿಂದಿದ್ದರೆ ಎಲ್ಲ ಹಕ್ಕಿಯೂ ಕಪ್ಪೇ, ಅಲ್ವಾ?

ನೋಡಿದ ಹಕ್ಕಿಗಳ ಪಟ್ಟಿಯನ್ನು ಇಬರ್ಡ್ ಅನ್ನುವ ಜಾಲತಾಣಕ್ಕೆ ಹಾಕುತ್ತೇನೆ. 2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ ಶುರು ಮಾಡಿದ್ದು ಅದು. ಯಾವ ಜಾಗದಲ್ಲಿ, ತಿಂಗಳ ಯಾವ ಕಾಲು ಭಾಗದಲ್ಲಿ, ಯಾವ ಹಕ್ಕಿ ಎಷ್ಟು ಸಿಗುತ್ತದೆ ಎಂದು ಅಲ್ಲಿ ಪಟ್ಟಿಯಾಗಿ ನೋಡಬಹುದು. ಹೊತ್ತಲ್ಲದ ಹೊತ್ತಿನಲ್ಲಿ ಹಕ್ಕಿ ನೋಡಿದೆ ಎಂದು ಹಾಕಿದರೆ ವಿವರ ಕೊಡಿ ಎಂದು ಕೇಳುತ್ತದೆ. ಶುರುವಿನಲ್ಲಿ ನನಗೆ ಬೇಸರವಾಗುತ್ತಿತ್ತು, ನನ್ನ ಮಾತು ನಂಬುವುದಿಲ್ಲವಾ ಅಂತ. ಆಮೇಲೆ ನೋಡಿದರೆ ಅರ್ಧಕ್ಕರ್ಧ ಸಲ ತಪ್ಪಿದ್ದು ನಾನೇ. ಕಾಗೆ, ಗುಬ್ಬಿ, ಪಾರಿವಾಳವನ್ನೂ ಪಟ್ಟಿಯಲ್ಲಿ ಬಿಡಬೇಡಿ. ನೋಡಿದ್ದನ್ನೆಲ್ಲ ಬರೆದರೆ ಮಾತ್ರ, ಇಲ್ಲದ ಹಕ್ಕಿ ನಿಜವಾಗಿ ಇರಲಿಲ್ಲ ಎಂದು ಗೊತ್ತಾಗುವುದು. ಗೂಡಿನ ಹತ್ತಿರ ಮಾತ್ರ ಫೋಟೋಕ್ಕಾಗಿ ಕೂರಬೇಡಿ. ಗೂಡು ಇರುವ ಜಾಗವನ್ನು ಎಲ್ಲರಿಗೂ ಹೇಳಲೂ ಬೇಡಿ.

[ದೃಶ್ಯ: ಹುಲ್ಲಿನ ತೆನೆ ಮೇಲೆ ಹಕ್ಕಿಗಳ ಗುಂಪು]

ಕೊನೆಗೆ ಒಂದು ಚಿತ್ರ. ಗುಬ್ಬಚ್ಚಿಯಷ್ಟೇ ಗಾತ್ರ. ಕಂದು ಬೆನ್ನು, ಅದರ ಮೇಲೆ ಕಪ್ಪು ಗೆರೆ. ಕಣ್ಣಿನ ಮೇಲೆ ಮಾಸಲು ಹುಬ್ಬು. ಕೊಕ್ಕು ಗುಬ್ಬಚ್ಚಿಯದಕ್ಕಿಂತ ದಪ್ಪ. ಗುಂಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಇದ್ದವು, ಎಲ್ಲವೂ ತೆನೆಗೆ ಜೋತುಬಿದ್ದು ಕಾಳು ತಿನ್ನುತ್ತಿದ್ದವು. ಪಕ್ಕದ ಮುಳ್ಳುಮರದಲ್ಲಿ ಹಳೆಯ, ಒಣಗಿದ ಗೂಡುಗಳು ಗಾಳಿಗೆ ಓಲಾಡುತ್ತಿದ್ದವು. ಹಳದಿ ಎಲ್ಲೂ ಇಲ್ಲ.

ಯಾವ ಹಕ್ಕಿ ಎಂದು ಕಾಮೆಂಟ್‌ನಲ್ಲಿ ಬರೆಯಿರಿ. ಅದಕ್ಕೆ ಮೊದಲು ನೀವು ನನ್ನನ್ನು ಒಂದು ಪ್ರಶ್ನೆ ಕೇಳಬೇಕಿತ್ತು. ಕೇಳಿದಿರಿ ಎಂದೇ ಅಂದುಕೊಳ್ಳುತ್ತೇನೆ.

ಜನವರಿ.