ಬೋರ್ ಆಯ್ತು ಅಂದವರೂ ಸಿನಿಮಾ ನೋಡಿದವರೇ

ಎಲ್ರಿಗೂ ನಮಸ್ಕಾರ. ಇಂಥ ಮಳೆಗೂ ಇಷ್ಟು ಜನ ಬಂದದ್ದು ನೋಡಿ ಭಾರೀ ಖುಷಿ ಆಯ್ತು. ನಿನ್ನೆ ಸಂಜೆ ಇದೇ ಹಾಲ್‌ನಲ್ಲಿ ‘2001: ಎ ಸ್ಪೇಸ್ ಒಡಿಸ್ಸಿ’ ನೋಡಿದವರಲ್ಲಿ ಸುಮಾರು ಜನ ಇವತ್ತೂ ಇದ್ದೀರಿ, ಹಾಗಾಗಿ ಕತೆ ಹೇಳ್ಲಿಕ್ಕೆ ಹೋಗುದಿಲ್ಲ. ನಂಗೆ ಮಾತಾಡ್ಲಿಕ್ಕೆ ಇರುದು ಸಿನಿಮಾ ಮುಗಿದ ಮೇಲೆ ಹೊರಗೆ ವರಾಂಡದಲ್ಲಿ ನಡೆದ ಮಾತಿನ ಬಗ್ಗೆ. ಒಬ್ಬ ಹುಡುಗ, ಮಣಿಪಾಲದಲ್ಲಿ ಓದುವವ ಇರ್ಬೇಕು, ತನ್ನ ಫ್ರೆಂಡ್‌ಗೆ ಹೇಳ್ತಾ ಇದ್ದ, "ನಿಂಗೆ ಮಂಡೆಗೆ ಹೋಗ್ಲಿಲ್ಲ ಮಾರಾಯ, ಅದಕ್ಕೇ ಬೋರ್ ಆದದ್ದು" ಅಂತ. ಆ ಫ್ರೆಂಡ್ ಮತ್ತೆ ಬಾಯಿ ಬಿಡ್ಲಿಲ್ಲ. ಅವನ ಬಾಯಿ ಹಾಗೆ ಮುಚ್ಚಿಸಿದ್ದು ಸರಿ ಅಲ್ಲ ಅಂತ ನಂಗೆ ರಾತ್ರಿಯೆಲ್ಲಾ ಅನ್ನಿಸ್ತಾ ಇತ್ತು, ಯಾಕಂದ್ರೆ ಬೋರ್ ಆಯ್ತು ಅನ್ನುವವನೂ ಪರದೆ ಮೇಲೆ ಏನನ್ನೋ ನೋಡಿಯೇ ಹಾಗೆ ಹೇಳುದು, ಅದು ಎಂತ ಅಂತ ಕೇಳುವ ತಾಳ್ಮೆ ನಮ್ಗೆ ಇಲ್ಲ.

ಸ್ವಲ್ಪ ಹಿಂದೆ ಹೋಗುವ. 1968ರ ಏಪ್ರಿಲ್ 2ಕ್ಕೆ ವಾಷಿಂಗ್ಟನ್‌ನಲ್ಲಿ ಈ ಸಿನಿಮಾದ ಮೊದಲ ಪ್ರದರ್ಶನ, ಮರುದಿನ ನ್ಯೂಯಾರ್ಕ್, ಅದರ ಮರುದಿನ ಲಾಸ್ ಏಂಜಲೀಸ್. ಜನ ಅರ್ಧದಲ್ಲಿ ಎದ್ದು ಹೋದ್ರು. ಸಿನಿಮಾ ಲೋಕದ ದೊಡ್ಡ ದೊಡ್ಡವರೇ ಎದ್ದು ಹೋದ್ರು. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಆ ಪ್ರದರ್ಶನಗಳಲ್ಲಿ ಜನರನ್ನ ನೋಡಿ, ಆಮೇಲೆ ತಾನೇ ಕೂತು ಸುಮಾರು 19 ನಿಮಿಷದಷ್ಟು ಕತ್ತರಿಸಿದ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ರೆನಾಟಾ ಆಡ್ಲರ್ ಬರೆದ್ರು, ಈ ಚಿತ್ರ ಮಂತ್ರ ಹಾಕಿದ ಹಾಗೆ ಹಿಡಿದು ಕೂರಿಸುದಕ್ಕೂ ವಿಪರೀತ ಬೋರ್ ಹೊಡೆಸುದಕ್ಕೂ ನಡುವೆ ಎಲ್ಲೋ ಉಂಟು ಅಂತ. ಪಾಲಿನ್ ಕೇಲ್ ಅಂತೂ ಇದರಲ್ಲಿ ಕಲ್ಪನೆಯೇ ಇಲ್ಲ ಅಂತ ಜಾಡಿಸಿಬಿಟ್ರು. ಇವ್ರು ಯಾರೂ ಸಿನಿಮಾ ಗೊತ್ತಿಲ್ಲದವರಲ್ಲ ಆಯ್ತಾ, ಆ ಕಾಲದಲ್ಲಿ ಅಮೆರಿಕದಲ್ಲಿ ಸಿನಿಮಾ ಬಗ್ಗೆ ಬರೆಯುವವರಲ್ಲಿ ಮೇಲಿನ ಸಾಲಿನವರು. ಅದೇ ಹೊತ್ತಿಗೆ ಕಾಲೇಜಿನ ಹುಡುಗ್ರು ಹುಡುಗಿಯರು ಮುಂದಿನ ಸೀಟಿನಲ್ಲಿ ಕೂತು ಮತ್ತೆ ಮತ್ತೆ ನೋಡ್ಲಿಕ್ಕೆ ಶುರು ಮಾಡಿದ್ರು, ಸಿನಿಮಾ ಉಳಿದದ್ದೇ ಅವರಿಂದ. ಹಾಗಾದ್ರೆ ಕೇಲ್‌ಗೆ ಮಂಡೆಗೆ ಹೋಗ್ಲಿಲ್ಲ, ಹದಿನೆಂಟು ವರ್ಷದ ಹುಡುಗನಿಗೆ ಹೋಯ್ತು ಅಂತಲಾ? ಹಾಗೆ ಹೇಳಿದ್ರೆ ಅದಕ್ಕೆ ಅರ್ಥ ಇಲ್ಲ.

ನಂಗೆ ಕಂಡದ್ದು ಇಷ್ಟು. ನಾವು ಸಿನಿಮಾದ ಕತೆ ಹಿಡಿಯುದು ಬಹಳಷ್ಟು ಕಿವಿಯಲ್ಲಿ. ಯಾರು ಯಾರಿಗೆ ಎಂತ ಹೇಳಿದ, ಅವ ಸಿಟ್ಟಾದನಾ, ಇವಳು ಅತ್ತಳಾ, ಡೈಲಾಗ್ ಹಿಡ್ಕೊಂಡೇ ನಾವು ಮುಂದೆ ಹೋಗುದು, ಅಡುಗೆ ಮನೆಯಲ್ಲಿ ಒಗ್ಗರಣೆ ಹಾಕ್ತಾ ಹೊರಗಿನ ಟೀವಿಯಲ್ಲಿ ಓಡುವ ಸೀರಿಯಲ್‌ನ ಕತೆ ಪೂರಾ ಹೇಳುವವರು ನಮ್ಮ ಮನೆಗಳಲ್ಲೇ ಇದ್ದಾರಲ್ಲ. ಈ ಸಿನಿಮಾದಲ್ಲಿ ಮೊದಲ ಮಾತು ಬರುದೇ ಸುಮಾರು 25 ನಿಮಿಷ ಆದ ಮೇಲೆ. ಎರಡು ಗಂಟೆ ಮೀರಿದ ಚಿತ್ರದಲ್ಲಿ ಒಟ್ಟು ಮಾತು 40 ನಿಮಿಷಕ್ಕೂ ಕಡಿಮೆ, ಆ ಮಾತೂ ಎಂತದು, "ಪ್ರಯಾಣ ಚೆನ್ನಾಗಿತ್ತಾ", "ಸ್ಯಾಂಡ್‌ವಿಚ್ ಹೇಗುಂಟು" ಇಂಥದ್ದು. ಕಿವಿ ಹಿಡ್ಕೊಂಡು ಬಂದವನಿಗೆ ಇಲ್ಲಿ ಹಿಡಿಲಿಕ್ಕೆ ಏನೂ ಸಿಕ್ಕುದಿಲ್ಲ. ಕುಬ್ರಿಕ್ ಮೊದಲು ವಿವರಣೆ ಕೊಡುವ ಧ್ವನಿ ಇಡ್ಬೇಕು ಅಂತ ಇದ್ದ, ನಿಜವಾದ ವಿಜ್ಞಾನಿಗಳ ಸಂದರ್ಶನಗಳನ್ನೇ ಶೂಟ್ ಮಾಡಿಸಿದ್ದ ಶುರುವಿಗೆ ಹಾಕ್ಲಿಕ್ಕೆ, ಕೊನೆಗೆ ಎರಡನ್ನೂ ತೆಗೆದು ಬಿಸಾಡಿದ. ಅಂದ್ರೆ ನೋಡುವವನ ಕೈಗೆ ಒಂದು ಕೋಲು ಕೊಡ್ಬಹುದಿತ್ತು, ಬೇಕು ಅಂತಲೇ ಕೊಡ್ಲಿಲ್ಲ.

ನಮ್ಮ ಊರಿನವರಿಗೆ ಇದು ಹೊಸತಾಗ್ಬಾರ್ದು ಅಂತ ನಂಗೆ ಅನ್ನಿಸ್ತದೆ. ಯಕ್ಷಗಾನ ಆಟಕ್ಕೆ ಹೋದವರಿಗೆ ಗೊತ್ತುಂಟು, ಬಣ್ಣದ ವೇಷ, ಅಂದ್ರೆ ರಾಕ್ಷಸನ ಪಾತ್ರ, ತೆರೆಯ ಹಿಂದೆ ಬಂದು ನಿಂತು, ಕಿರೀಟದ ತುದಿ ಮಾತ್ರ ತೋರಿಸಿ, ತೆರೆ ಸ್ವಲ್ಪ ಇಳಿಸಿ ಮತ್ತೆ ಏರಿಸಿ, ಚಂಡೆ ಕಿವಿ ಒಡಿಯುವ ಹಾಗೆ ಬಡಿಯುವಾಗ ಕತೆ ಒಂದು ಅಂಗುಲ ಮುಂದೆ ಹೋಗುದಿಲ್ಲ, ಆದ್ರೂ ಗದ್ದೆಯಲ್ಲಿ ಕೂತವ ಕಣ್ಣು ಮಿಟುಕಿಸುದಿಲ್ಲ. ಬೆಂಗಳೂರಿಂದ ಬಂದ ನೆಂಟರನ್ನ ಕರ್ಕೊಂಡು ಹೋಗಿ ನೋಡಿ, ಹತ್ತು ನಿಮಿಷಕ್ಕೆ "ಕತೆ ಯಾವಾಗ ಶುರು" ಅಂತ ಕೇಳ್ತಾರೆ. ಈಗ ರಾತ್ರಿಯಿಡೀ ಆಡದೆ ಕೆಲವೇ ಗಂಟೆಯಲ್ಲಿ ಮುಗಿಸುವ ಕಾಲಮಿತಿ ಆಟ ಬಂದ ಮೇಲೆ ವೇಷಗಳು ಮೊದಲ ಸಲ ರಂಗಕ್ಕೆ ಬರುವ ಒಡ್ಡೋಲಗ ಸಣ್ಣದಾಯ್ತು, ತೆರೆಯ ಕುಣಿತ ಸಣ್ಣದಾಯ್ತು ಅಂತ ಹಿರಿಯ ಅಭಿಮಾನಿಗಳಿಗೆ ಬೇಜಾರುಂಟು, ಅಲ್ಲಪ್ಪಾ ಮರುದಿನ ಆಫೀಸಿಗೆ ಹೋಗ್ಲಿಕ್ಕುಂಟು ಅನ್ನುವವರ ಮಾತಿನಲ್ಲೂ ನ್ಯಾಯ ಉಂಟು. ಕುಬ್ರಿಕ್‌ನ 19 ನಿಮಿಷ ಇದೇ ಜಗಳ. ಎಷ್ಟು ಹೊತ್ತು ನೋಡಿದ್ರೆ ನೋಡಿದ ಹಾಗೆ ಆಗ್ತದೆ ಅನ್ನುದು ಕಣ್ಣಿಗೆ ಇರುವ ಅಭ್ಯಾಸದ ಮೇಲೆ ಹೋಗ್ತದೆ, ಅಭ್ಯಾಸ ಇಲ್ಲದವನನ್ನ ದಡ್ಡ ಅನ್ಲಿಕ್ಕೆ ಆಗುದಿಲ್ಲ.

ಇನ್ನು ಆ ದೃಶ್ಯಗಳನ್ನ ಮಾಡಿದ್ದು ಹೇಗೆ ಅಂತ ಸ್ವಲ್ಪ ಹೇಳ್ತೇನೆ, ಯಾಕಂದ್ರೆ ನಿನ್ನೆ ಒಬ್ರು "ಈಗಿನ ಕಾಲದಲ್ಲಿ ಇದೆಲ್ಲಾ ಮೊಬೈಲಿನಲ್ಲೇ ಮಾಡ್ತಾರೆ" ಅಂದ್ರು. ಶುರುವಿನ ಆಫ್ರಿಕಾದ ಬಯಲು ಇಂಗ್ಲೆಂಡಿನ ಸ್ಟುಡಿಯೋ ಒಳಗೆ ತೆಗೆದದ್ದು, ಆಫ್ರಿಕಾದಲ್ಲಿ ತೆಗೆದ ಫೋಟೋಗಳನ್ನ ಮುಂದಿನಿಂದ ಪ್ರೊಜೆಕ್ಟ್ ಮಾಡಿ, ಬೆಳಕನ್ನ ಬಂದ ದಾರಿಯಲ್ಲೇ ವಾಪಸ್ ಕಳಿಸುವ ವಿಶೇಷ ಪರದೆ ಹಿಂದೆ ಇಟ್ಟು. ಆ ಚಿರತೆಯ ಕಣ್ಣು ಮಿಂಚಿದ್ದು ನೆನಪುಂಟಾ? ಅದು ಯಾರೂ ಪ್ಲಾನ್ ಮಾಡಿದ್ದಲ್ಲ, ಪ್ರೊಜೆಕ್ಟರಿನ ಬೆಳಕು ಅದರ ಕಣ್ಣಿಗೆ ಬಿದ್ದು ಹಾಗೆ ಹೊಳೆದದ್ದು. ಗಗನಯಾತ್ರಿ ಓಡ್ತಾ ಒಂದು ಸುತ್ತು ಬರುವ ಕೋಣೆ ಉಂಟಲ್ಲ, ಅದು 38 ಅಡಿ ವ್ಯಾಸದ ನಿಜವಾದ ಚಕ್ರ, ಇಡೀ ಸೆಟ್ಟೇ ತಿರುಗ್ತಿತ್ತು, ನಟ ಕೆಳಗೆ ಇದ್ದಲ್ಲೇ ಓಡ್ತಿದ್ದ. ಗಾಳಿಯಲ್ಲಿ ತೇಲುವ ಪೆನ್ನು ಗಾಜಿನ ಹಲಗೆಗೆ ಅಂಟಿಸಿದ್ದು, ಹಾಸ್ಟೆಸ್ ಬಂದು ಕಿತ್ತು ತೆಗಿತಾಳೆ ಅಷ್ಟೆ. ಕೊನೆಯ ಬಣ್ಣದ ಸುರಂಗಕ್ಕೆ ಸ್ಪೆಷಲ್ ಎಫೆಕ್ಟ್ಸ್ ಮಾಡ್ತಿದ್ದ ಡಗ್ಲಸ್ ಟ್ರಂಬುಲ್ ಒಂದು ಸಪೂರ ಸೀಳಿನ ಹಿಂದೆ ಚಿತ್ರಗಳನ್ನ ಸರಿಸ್ತಾ, ಶಟರ್ ತೆರೆದೇ ಇಟ್ಟು, ಕ್ಯಾಮೆರಾವನ್ನ ಅದರ ಹತ್ತಿರ ದೂಡ್ತಾ ಒಂದೊಂದೇ ಫ್ರೇಮ್ ತೆಗೆದದ್ದು. ಇದೆಲ್ಲ ಮುಗಿದು ಸಿನಿಮಾ ಬಿಡುಗಡೆ ಆಗುವಾಗ ಚಂದ್ರನ ಸುತ್ತ ಒಬ್ಬನೇ ಒಬ್ಬ ಮನುಷ್ಯ ಹೋಗಿರ್ಲಿಲ್ಲ, ಅಪೋಲೋ 8 ಹೋದದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ.

ಇಷ್ಟು ಕಷ್ಟ ಪಟ್ಟಿದ್ದಾರೆ ಅಂತ ನಾವು ಇಷ್ಟ ಪಡ್ಬೇಕು ಅಂತ ಇಲ್ಲ, ಅದು ಬೇರೆ ವಿಷಯ. ನಂಗೆ ಆ ಬಣ್ಣದ ಸುರಂಗ ಈಗ ಅಷ್ಟು ತಾಗುದಿಲ್ಲ, ಅಂಥ ಬಣ್ಣ ಈಗ ಪ್ರತಿಯೊಂದು ಜಾಹೀರಾತಿನಲ್ಲೂ ಹರಿತದೆ, ಅಲ್ಲಿ ಬೋರ್ ಆಯ್ತು ಅಂದವರ ಜೊತೆ ನಾನೂ ನಿಲ್ತೇನೆ. ಆದ್ರೆ ಆ ಚಕ್ರ ಇವತ್ತಿಗೂ ಮೈ ಜುಂ ಅನ್ನಿಸ್ತದೆ, ಅದಕ್ಕೆ ತೂಕ ಉಂಟು, ಕಣ್ಣಿಗೆ ಅದು ಗೊತ್ತಾಗ್ತದೆ. ಮತ್ತೆ ಭಾವನೆಯೇ ಇಲ್ಲ, ತಣ್ಣಗೆ ಉಂಟು ಅಂತ ಒಬ್ರು ಅಮ್ಮ ಹೇಳಿದ್ರು, ಅವರು ಸರಿಯಾಗಿಯೇ ನೋಡಿದ್ದಾರೆ, ಅಲ್ಲಿ ಮನುಷ್ಯರೆಲ್ಲ ತಣ್ಣಗೆ, ಮಗಳ ಬರ್ತ್‌ಡೇಗೆ ಫೋನ್ ಮಾಡುವ ಅಪ್ಪನೂ ತಣ್ಣಗೆ, ಹೆದರಿಕೆ ಆಗ್ತಾ ಉಂಟು ಅಂತ ಬಾಯಿ ಬಿಟ್ಟು ಹೇಳುದು ಹಾಲ್ ಅನ್ನುವ ಕಂಪ್ಯೂಟರ್ ಮಾತ್ರ, ಅದನ್ನ ಒಂದೊಂದೇ ತುಂಡು ಕಳಚಿ ಆಫ್ ಮಾಡುವಾಗ. ಆ ಅಮ್ಮ ದೂರು ಅಂತ ಹೇಳಿದ್ದು ಸಿನಿಮಾದ ನಡು ಮಧ್ಯದ ವಿಷಯವೇ ಆಗಿತ್ತು.

ಈಗ ಇನ್ನೊಂದು ಸಿನಿಮಾ, ನಿಮ್ಮಲ್ಲಿ ಹೆಚ್ಚಿನವರು ನೋಡಿರ್ತೀರಿ, ‘ಇಂಟರ್‌ಸ್ಟೆಲ್ಲರ್’. 2014ರದ್ದು, 2025ರ ಫೆಬ್ರವರಿಯಲ್ಲಿ ಭಾರತದಲ್ಲಿ ಮತ್ತೆ ಥಿಯೇಟರಿಗೆ ಬಂದಾಗ ಟಿಕೆಟ್‌ಗೆ ಜನ ಮುಗಿಬಿದ್ರು. ಬಿಡುಗಡೆ ಆದ ಕಾಲದಲ್ಲಿ ಇದಕ್ಕೂ ಎರಡು ಥರ ಮಾತು ಇತ್ತು, ಮ್ಯೂಸಿಕ್ ಡೈಲಾಗನ್ನೇ ನುಂಗಿ ಹಾಕಿದೆ, ಕೊನೆಗೆ ಪ್ರೀತಿ ಗೀತಿ ಅಂತ ಎಳೆದ್ರು ಅಂತ ಒಂದು ಕಡೆ, ಅತ್ತು ಅತ್ತು ಹೊರಗೆ ಬಂದವರು ಇನ್ನೊಂದು ಕಡೆ.

ನಂಗೆ ಪರಿಚಯದ ಒಬ್ರು ಅಕ್ಕ ಇದ್ದಾರೆ ಕಾಪು ಕಡೆಯವರು, ಅವರ ಗಂಡ ಗಲ್ಫ್‌ನಲ್ಲಿ. ಮದುವೆ ಆದ ಮೇಲೆ ಇಬ್ರೂ ಒಟ್ಟಿಗೆ ಇದ್ದದ್ದು ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ, ಮೊದಲೆಲ್ಲ ಕ್ಯಾಸೆಟ್‌ನಲ್ಲಿ ಮಾತು ರೆಕಾರ್ಡ್ ಮಾಡಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸ್ತಿದ್ರಂತೆ. ಅವರು ಮಗನ ಜೊತೆ ಈ ಸಿನಿಮಾ ನೋಡಿದ್ದಾರೆ. ಬ್ಲ್ಯಾಕ್ ಹೋಲ್ ಅವರಿಗೆ ಬೇಡ, ವರ್ಮ್ ಹೋಲ್ ಬೇಡ. ಒಂದು ದೃಶ್ಯ ಉಂಟಲ್ಲ, ನೀರಿನ ಗ್ರಹದಲ್ಲಿ ಒಂದು ಗಂಟೆ ಅಂದ್ರೆ ಭೂಮಿಯಲ್ಲಿ 7 ವರ್ಷ, ವಾಪಸ್ ನೌಕೆಗೆ ಬರುವಾಗ 23 ವರ್ಷ ಹೋಗಿರ್ತದೆ, ಮಕ್ಕಳನ್ನ ಭೂಮಿಯಲ್ಲಿ ಬಿಟ್ಟು ಬಂದ ಅಪ್ಪ ಕೂತು ಅಷ್ಟೂ ವರ್ಷದ ವಿಡಿಯೋ ಮೆಸೇಜು ಒಂದೇ ಸಲ ನೋಡ್ತಾನೆ, ಮಗ ದೊಡ್ಡವನಾದ, ಮದುವೆ ಆದ, ಮಗು ಆಯ್ತು. ಅಲ್ಲಿ ಅವರಿಗೆ ಕೂತ್ಕೊಳ್ಲಿಕ್ಕೆ ಆಗ್ಲಿಲ್ಲ. "ಇದು ನಮ್ಮ ಮನೆಯವರೇ" ಅಂದ್ರು ನನ್ನ ಹತ್ರ. ಅದೇ ದೃಶ್ಯವನ್ನ ಮಗ ಲೆಕ್ಕ ಹಾಕ್ತಾ ನೋಡಿದ್ದ, ಗುರುತ್ವ ಹೆಚ್ಚಿದ್ದಲ್ಲಿ ಸಮಯ ನಿಧಾನ ಆಗುದು ಸರಿ, ಆದ್ರೆ ಒಂದಕ್ಕೆ ಏಳು ವರ್ಷ ಬರ್ಬೇಕಾದ್ರೆ ಗ್ರಹ ಬ್ಲ್ಯಾಕ್ ಹೋಲ್‌ಗೆ ಎಷ್ಟು ಹತ್ತಿರ ಇರ್ಬೇಕು ಅಂತ. ಇಬ್ಬರಲ್ಲಿ ಯಾರು ಸಿನಿಮಾ ಸರಿಯಾಗಿ ನೋಡಿದ್ದು? ಸಾಪೇಕ್ಷತಾ ಸಿದ್ಧಾಂತ ಗೊತ್ತಿಲ್ಲದ ಅಕ್ಕನಿಗೆ ಸಿನಿಮಾ ಪೂರಾ ತಲುಪಿದೆ ಅಂತ ನಾನು ನಂಬ್ತೇನೆ. ಮಂಗಳೂರು ಉಡುಪಿಯ ಕಡಲ ಕರೆಯಲ್ಲಿ ಗಲ್ಫ್‌ಗೆ ಹೋದವರ, ಹಡಗಿಗೆ ಹೋದವರ ಮನೆ ಎಷ್ಟುಂಟು ಯೋಚನೆ ಮಾಡಿ, ಆ ದೃಶ್ಯವನ್ನ ನಮ್ಮವರು ನೋಡುವ ಕಣ್ಣೇ ಬೇರೆ.

ಅದೇ ಸಿನಿಮಾದ ಬ್ಲ್ಯಾಕ್ ಹೋಲ್ ವಿಷಯದಲ್ಲಿ ಮಾತ್ರ ನಂಗೊಂದು ಸಿಟ್ಟುಂಟು. ಭೌತವಿಜ್ಞಾನಿ ಕಿಪ್ ಥಾರ್ನ್ ಸಮೀಕರಣ ಕೊಟ್ರು, ಗ್ರಾಫಿಕ್ಸ್ ತಂಡ ಅದನ್ನ ಹಿಡಿದು ಚಿತ್ರ ಮಾಡಿತು, ಕೆಲವು ಫ್ರೇಮಿಗೆ ಕಂಪ್ಯೂಟರ್ 100 ಗಂಟೆವರೆಗೂ ತಗೊಂಡಿತು, ಆ ಕೆಲಸದಿಂದ 2015ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಲೇಖನವೇ ಬಂತು. ಸುತ್ತ ತಿರುಗುವ ಬೆಂಕಿಯ ತಟ್ಟೆ ಅಷ್ಟು ವೇಗದಲ್ಲಿ ಹೋಗುವಾಗ ನಮ್ಮ ಕಡೆ ಬರುವ ಬದಿ ತುಂಬಾ ಪ್ರಕಾಶ, ಆಚೆ ಹೋಗುವ ಬದಿ ಮಂಕು ಕಾಣ್ಬೇಕು, ಅವರ ಲೆಕ್ಕದಲ್ಲಿ ಅದು ಬಂದಿತ್ತು. ನೋಡುವವರಿಗೆ ಗೊಂದಲ ಆಗ್ತದೆ ಅಂತ ಸಿನಿಮಾದಲ್ಲಿ ಅದನ್ನ ಬಿಟ್ರು, ಎರಡೂ ಬದಿ ಸಮ ಮಾಡಿದ್ರು. ಐದು ವರ್ಷ ಕಳಿಲಿಲ್ಲ, 2019ರ ಏಪ್ರಿಲ್‌ನಲ್ಲಿ ಎಂ87 ಗ್ಯಾಲಕ್ಸಿಯ ಬ್ಲ್ಯಾಕ್ ಹೋಲ್‌ನ ನಿಜವಾದ ಚಿತ್ರ ಬಂತು, ಒಂದು ಬದಿ ಪ್ರಕಾಶ, ಇನ್ನೊಂದು ಬದಿ ಮಂಕು. ಇಡೀ ಲೋಕ ಅದನ್ನ ಆಸೆಯಿಂದ ನೋಡಿತು, ಒಂದು ಬದಿ ಮಂಕು ಅಂತ ನಮ್ಮಲ್ಲಿ ಯಾರಾದ್ರೂ ಕಂಗೆಟ್ಟದ್ದು ಉಂಟಾ? ಪ್ರೇಕ್ಷಕನನ್ನ ಇನ್ನೂ ಸ್ವಲ್ಪ ನಂಬ್ಬಹುದಿತ್ತು.

ನಂಬದೇ ಇದ್ರೆ ಎಂತಾಗ್ತದೆ ಅನ್ಲಿಕ್ಕೆ 1982ರ ‘ಬ್ಲೇಡ್ ರನ್ನರ್’ ಸಾಕು. ಪ್ರಿವ್ಯೂ ನೋಡಿದವರಿಗೆ ಅರ್ಥ ಆಗ್ಲಿಲ್ಲ ಅಂತ ಹೀರೋನ ಧ್ವನಿಯಲ್ಲಿ ವಿವರಣೆ ಸೇರಿಸಿ, ಕೊನೆಗೆ ಸುಖಾಂತ್ಯ ಅಂಟಿಸಿ ಬಿಟ್ರು, ಎರಡು ವಾರ ಮೊದಲು ‘ಇ.ಟಿ.’ ಬಂದಿತ್ತು, ಜನ ಅದಕ್ಕೆ ಹೋದ್ರು, ಇದು ಬಿದ್ದುಹೋಯ್ತು. 1992ರಲ್ಲಿ ವಿವರಣೆ ತೆಗೆದ ಆವೃತ್ತಿ ಬಂದ ಮೇಲೆ ಬಹಳ ಜನ ಆ ಮಳೆ, ಆ ಹೊಗೆ, ಆ ನಿಯಾನ್ ಬೆಳಕಿನ ಊರನ್ನ ಸುಮ್ಮನೆ ಕೂತು ನೋಡಿದ್ರು.

ಇನ್ನೊಂದು ವಿಷಯ ಜಗಳ ಮಾಡುವ ಮೊದಲು ಕೇಳ್ಬೇಕಾದ್ದು, ಎಲ್ಲಿ ನೋಡಿದ್ದು ಅಂತ. ‘2001’ ಸಿನಿಮಾ ತಯಾರಾದದ್ದು 70 ಎಂಎಂ ಫಿಲ್ಮಿಗೆ, ದೊಡ್ಡ ಬಾಗಿದ ಪರದೆಗೆ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ, ನಡುವೆ ಎರಡು ಸಲ ವಾಟ್ಸಾಪ್ ನೋಡಿ, ನಿಧಾನ ಆಯ್ತು ಅಂದ್ರೆ ಅವರು ಹೇಳುದು ಸುಳ್ಳಲ್ಲ, ಅಂಗೈಯಷ್ಟು ಪರದೆಯಲ್ಲಿ ಅದು ನಿಧಾನವೇ. ದೊಡ್ಡದು ಅಂದ್ರೆ ಎಂತ ಅಂತ ಗೊತ್ತಾಗ್ಬೇಕಾದ್ರೆ ಮಕ್ಕಳನ್ನ ಕರ್ಕೊಂಡು ಮಂಗಳೂರಿನ ಪಿಲಿಕುಳದ ತಾರಾಲಯಕ್ಕೆ ಹೋಗಿ ಬನ್ನಿ, 18 ಮೀಟರಿನ ಗುಮ್ಮಟ, ಶನಿ ಗ್ರಹ ಮಂಡೆ ಮೇಲೆ ಬಂದು ನಿಂತಾಗ ಮಕ್ಕಳು ಒಂದು ಸಲ "ಹಾ" ಅಂತಾರೆ, ಆಮೇಲೆ ಬಾಯಿ ಮುಚ್ಚುದಿಲ್ಲ. ಅಲ್ಲಿ ಯಾರೂ ಕತೆ ಎಲ್ಲಿ ಅಂತ ಕೇಳಿದ್ದು ನಾನು ನೋಡ್ಲಿಲ್ಲ.

‘2001’ ಸಿನಿಮಾದ ಕೊನೆಯ ಆ ಬಿಳಿ ಕೋಣೆ, ಮುದುಕ, ಮಗು, ಅದರ ಬಗ್ಗೆ ನಿನ್ನೆ ತುಂಬಾ ಜನ ಕೇಳಿದ್ರಿ. ಆರ್ಥರ್ ಸಿ. ಕ್ಲಾರ್ಕ್ ಬರೆದ ಕಾದಂಬರಿಯಲ್ಲಿ ವಿವರ ಉಂಟು, ಸಿನಿಮಾ ಬಂದ ಮೇಲೆ ಅದೇ ವರ್ಷ ಪುಸ್ತಕ ಬಂತು, ಕ್ಲಾರ್ಕ್, ಕುಬ್ರಿಕ್ ಇಬ್ರೂ ಒಟ್ಟಿಗೆ ಕೂತು ಯೋಚಿಸಿದ ಕತೆಯೇ ಅದು. ಓದ್ಬೇಕು ಅನ್ನುವವರು ಓದಿ, ಒಳ್ಳೆ ಪುಸ್ತಕ. ಆದ್ರೆ ಅದನ್ನ ಓದಿ ಬಂದು "ಇದೇ ಉತ್ತರ, ಮುಗೀತು" ಅಂತ ಪಕ್ಕದವನ ಬಾಯಿ ಮುಚ್ಚಿಸುದು ನಂಗೆ ಇಷ್ಟ ಇಲ್ಲ, ಕುಬ್ರಿಕ್ ಅಷ್ಟು ಹಠದಲ್ಲಿ ತೆಗೆದು ಹಾಕಿದ್ದನ್ನ ನಾವು ವಾಪಸ್ ತಂದು ತುರುಕಿದ ಹಾಗೆ. ನಿನ್ನೆ ಹಿಂದಿನ ಸಾಲಿನಲ್ಲಿ ಒಬ್ರು ಹಿರಿಯರು, ಅದು ಸತ್ತ ಮೇಲೆ ಹದಿಮೂರು ದಿನದ ಪ್ರಯಾಣದ ಹಾಗೆ ಕಂಡಿತು ಅಂದ್ರು, ಕ್ಲಾರ್ಕ್ ಪುಸ್ತಕದಲ್ಲಿ ಅದಿಲ್ಲ, ಸಿನಿಮಾದಲ್ಲಿ ಅದಕ್ಕೆ ಜಾಗ ಉಂಟು. ಅವರು ಇವತ್ತೂ ಬಂದಿದ್ದಾರೆ, ನಾನು ಮಾತಾಡಿದ್ದು ಸಾಕು, ಮೈಕ್ ಅವರಿಗೆ ಕೊಡಿ. ಆಮೇಲೆ ಬೋರ್ ಆಯ್ತು ಅಂದ ಆ ಹುಡುಗ ಎಲ್ಲಿದ್ದಾನೆ ನೋಡಿ, ಯಾವ ದೃಶ್ಯದಲ್ಲಿ ಕೈ ಮೊಬೈಲಿಗೆ ಹೋಯ್ತು ಅಂತ ಅವನಿಂದ ನಂಗೆ ಕೇಳ್ಲಿಕ್ಕುಂಟು.