ಬದುವಿನ ಮರಕ್ಕೆ ಸರ್ಕಾರದ ಹಣ: ಯಾರಿಗೆ, ಹೇಗೆ, ಎಷ್ಟು

(ದೃಶ್ಯ: ನಾಗಮಂಗಲ ತಾಲ್ಲೂಕಿನ ರಾಗಿ ಹೊಲ. ಬದುವಿನುದ್ದಕ್ಕೂ ಎರಡು ವರ್ಷದ ಹೆಬ್ಬೇವಿನ ಗಿಡಗಳು.)

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆ ಎಂದೊಡನೆ ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತದ ಗದ್ದೆಗಳು ನೆನಪಿಗೆ ಬರುತ್ತವೆಯಾದರೂ, ನಾಗಮಂಗಲದ ಕಡೆ ಇಂದಿಗೂ ಮಳೆಯನ್ನೇ ನಂಬಿ ರಾಗಿ, ಹುರುಳಿ ಬಿತ್ತುವವರೇ ಹೆಚ್ಚು. ಇಂತಹ ಹೊಲದ ಬದುವಿನಲ್ಲಿ ಮರ ಬೆಳೆಸುವ ರೈತರಿಗಾಗಿ ಅರಣ್ಯ ಇಲಾಖೆ 2011-12ರಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಆರಂಭಿಸಿತು.

ಈ ಯೋಜನೆಯಲ್ಲಿ ರೈತರು ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ತಂದು ನೆಡಬೇಕು. ಬದುಕಿ ಉಳಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿಯಂತೆ ಒಟ್ಟು 125 ರೂಪಾಯಿ ರೈತರ ಬ್ಯಾಂಕ್ ಖಾತೆಗೆ ಬರುತ್ತದೆ. ಹೆಕ್ಟೇರಿಗೆ 400 ಗಿಡಗಳವರೆಗೆ ಅವಕಾಶವಿರುವುದರಿಂದ, ಎಲ್ಲವೂ ಉಳಿದರೆ ಮೂರು ವರ್ಷಕ್ಕೆ 50,000 ರೂಪಾಯಿ ಆಗುತ್ತದೆ. ತೇಗ, ಹೊನ್ನೆ, ಬೇವು, ಹೆಬ್ಬೇವುಗಳನ್ನು ನೆಡಬಹುದು; ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್‌ಗೆ ಪ್ರೋತ್ಸಾಹಧನವಿಲ್ಲ. ಶ್ರೀಗಂಧವನ್ನೂ ಬೆಳೆಸಬಹುದು, ಏಕೆಂದರೆ 2001ರ ಕಾನೂನು ತಿದ್ದುಪಡಿಯ ನಂತರ ತಮ್ಮ ಜಮೀನಿನ ಗಂಧದ ಮರಕ್ಕೆ ರೈತರೇ ಒಡೆಯರು.

(ದೃಶ್ಯ: ಗಿಡದ ಬುಡದ ಪಾತಿ, ಅದರ ಮೇಲೆ ಹಾಸಿದ ಒಣಹುಲ್ಲು, ಸುತ್ತಲೂ ನೆಟ್ಟ ಜಾಲಿಮುಳ್ಳು.)

ಸಿಬ್ಬಂದಿ ಹೊಲಕ್ಕೆ ಬಂದು ಎಣಿಸುವುದು ಗುಂಡಿಗಳನ್ನಲ್ಲ, ಜೀವಂತ ಗಿಡಗಳನ್ನು. ಹೀಗಾಗಿ ನಿಜವಾದ ಕೆಲಸವಿರುವುದು ಮೊದಲ ಎರಡು ಬೇಸಿಗೆಗಳಲ್ಲಿ. ರಾಗಿ ಕೊಯ್ದ ಮೇಲೆ ಊರಿನ ಆಡು, ಕುರಿಗಳು ಬಯಲಿಗೆ ಬಿಡುಗಡೆಯಾಗುತ್ತವೆ; ಮುಳ್ಳು ಕಟ್ಟದ ಗಿಡದ ಕುಡಿ ಒಂದೇ ಮಧ್ಯಾಹ್ನದಲ್ಲಿ ಮಾಯವಾಗುತ್ತದೆ. ಮನೆಯ ಹೆಂಗಸರು ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿ ಉಳಿಸಿದ ಗಿಡಗಳೆಷ್ಟೋ ಇವೆ. ಆ ದುಡಿಮೆಗೆ 125 ರೂಪಾಯಿ ಕಡಿಮೆಯೆಂದೇ ನನ್ನ ಅಭಿಪ್ರಾಯ, ಆದರೆ ಹಣ ಕೊಡುವ ಕ್ರಮ ಮಾತ್ರ ಸರಿಯಾಗಿದೆ.

ಏಕೆ ಸರಿ ಎಂಬುದು ಬೇರೆ ಸಹಾಯಧನಗಳನ್ನು ನೋಡಿದರೆ ತಿಳಿಯುತ್ತದೆ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಡಿ ಕೃಷಿ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರಷ್ಟು ನೆರವು ದೊರೆಯುತ್ತದೆ. ಹನಿ ನೀರಾವರಿಗೆ 2 ಹೆಕ್ಟೇರ್‌ವರೆಗೆ ಶೇ 90 ಇದೆ. ಇವೆರಡೂ ಒಳ್ಳೆಯ ಯೋಜನೆಗಳೇ. ಆದರೆ ಹೊಂಡ ತೋಡಿ, ಪೈಪು ಹಾಸಿ, ಫೋಟೋ ತೆಗೆದಲ್ಲಿಗೆ ಸರ್ಕಾರದ ಲೆಕ್ಕ ಮುಗಿಯುತ್ತದೆ. ಮುಂದೆ ಹೊಂಡದಲ್ಲಿ ಹೂಳು ತುಂಬಿದರೆ, ಹೊದಿಕೆ ಹರಿದರೆ, ಪೈಪನ್ನು ಇಲಿ ಕಡಿದರೆ ಕೇಳುವವರಿಲ್ಲ. ಅಮೆರಿಕದಲ್ಲಿ 1985ರಿಂದ ಇರುವ ಒಂದು ಯೋಜನೆಯಲ್ಲಿ, ಮಣ್ಣು ಕೊಚ್ಚಿಹೋಗುವ ಜಮೀನನ್ನು ಉಳುಮೆಯಿಂದ ಬಿಡಿಸಿ ಹುಲ್ಲು ಅಥವಾ ಮರ ಬೆಳೆಸಿದ ರೈತರಿಗೆ 10ರಿಂದ 15 ವರ್ಷ ಪ್ರತಿ ವರ್ಷವೂ ಬಾಡಿಗೆ ಸಲ್ಲುತ್ತದೆ. ನಮ್ಮಲ್ಲೂ ಹೊಂಡದ ಹೂಳೆತ್ತುವುದಕ್ಕೆ ವರ್ಷಾವರಿ ಒಂದಿಷ್ಟು ಹಣ ಮೀಸಲಿಡುವುದು ಅಸಾಧ್ಯವೇನಲ್ಲ.

ನಾಲಾ ಬಯಲಿನ ಮಾತು ಇನ್ನೂ ಗಂಭೀರವಾದದ್ದು. ಅಲ್ಲಿ ನೀರಿನ ಕರ ನಿಗದಿಯಾಗುವುದು ಎಕರೆ ಮತ್ತು ಬೆಳೆಯ ಮೇಲೆ, ಬಳಸಿದ ನೀರಿನ ಅಳತೆಯ ಮೇಲಲ್ಲ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ, ನಡುನಡುವೆ ಆರಲು ಬಿಟ್ಟು ನೀರು ಉಳಿಸಿದ ರೈತನ ಕರ ಒಂದು ರೂಪಾಯಿಯೂ ಇಳಿಯುವುದಿಲ್ಲ. ಆತ ಉಳಿಸಿದ ನೀರಿಗಾಗಿ ಮಳವಳ್ಳಿಯ ಕೊನೆಭಾಗದ ರೈತ ಕಾಯುತ್ತಿರುತ್ತಾನೆ.

(ದೃಶ್ಯ: ವಲಯ ಅರಣ್ಯ ಕಚೇರಿ, ಪಹಣಿ ಪ್ರತಿ.)

ಗಿಡ ನೆಡಲು ಬಯಸುವವರು ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳೊಂದಿಗೆ ಹತ್ತಿರದ ವಲಯ ಅರಣ್ಯ ಕಚೇರಿಯಲ್ಲಿ ಮುಂಗಾರಿಗೆ ಮೊದಲೇ ಹೆಸರು ನೋಂದಾಯಿಸಿಕೊಳ್ಳಿ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ, ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ. ಅದಕ್ಕೆ ಸಮಯ ಹಿಡಿಯುವುದರಿಂದ ಈ ಬೇಸಿಗೆಯಲ್ಲೇ ನಾಡಕಚೇರಿಗೆ ಹೋಗಿ ವಿಚಾರಿಸಿ.