ಚರಂಡಿಗೆ ಸುರಿದ ಬಾಟಲಿ

ಕೇಳುಗರೆ, ನಮಸ್ಕಾರ.

ಕುಡುಕ ಕುಡಿತ ಬಿಡುವ ದೃಶ್ಯವನ್ನು ಸಿನಿಮಾದಲ್ಲಿ ನಾವೆಲ್ಲ ಎಷ್ಟು ಸಲ ನೋಡಿಲ್ಲ! ತಾಯಿ ಆಣೆ ಹಾಕಿಸುತ್ತಾಳೆ, ಗುಡಿಯ ಗಂಟೆ ಮೊಳಗುತ್ತದೆ, ಬಾಟಲಿ ಗೋಡೆಗೆ ಬಡಿದು ಚೂರಾಗುತ್ತದೆ. ಅಲ್ಲಿಗೆ ಮುಗಿಯಿತು. ಆದರೆ ಮನೆಯೊಳಗೇ ಕುಡಿತ ಕಂಡವರಿಗೆ ಗೊತ್ತು, ಆಣೆ ಹಾಕಿದ ಮರುದಿನ ಬೆಳಗ್ಗೆಯೇ ನಿಜವಾದ ಕಷ್ಟ ಶುರುವಾಗುವುದು. ಆ ಮರುದಿನದ ಕಥೆ ಹೇಳಿದ ಚಿತ್ರವೆಂದರೆ ನನಗೆ ಮೊದಲು ನೆನಪಾಗುವುದು 1983ರ ಅಮೆರಿಕನ್ ಚಿತ್ರ 'ಟೆಂಡರ್ ಮರ್ಸೀಸ್'.

ಮ್ಯಾಕ್ ಸ್ಲೆಡ್ಜ್ ಒಂದು ಕಾಲದ ಹೆಸರುವಾಸಿ ಹಾಡುಗಾರ. ಟೆಕ್ಸಸ್ ಬಯಲಿನ ಒಂಟಿ ಮೋಟೆಲೊಂದರಲ್ಲಿ ಕುಡಿದು ಬಿದ್ದು ಬೆಳಗ್ಗೆ ಏಳುತ್ತಾನೆ. ಕೈಯಲ್ಲಿ ಬಿಡಿಗಾಸಿಲ್ಲ. ಮೋಟೆಲ್ ನಡೆಸುವ ರೋಸಾ ಲೀ, ಗಂಡನನ್ನು ವಿಯೆಟ್ನಾಂನಲ್ಲಿ ಕಳೆದುಕೊಂಡವಳು, ಪುಟ್ಟ ಮಗನ ತಾಯಿ. ಬಾಕಿ ತೀರಿಸಲು ಇಲ್ಲೇ ಕೆಲಸ ಮಾಡಲೇ ಎಂದು ಕೇಳುತ್ತಾನೆ. ಮಾಡಬಹುದು, ಆದರೆ ಕೆಲಸದ ಹೊತ್ತಿನಲ್ಲಿ ಕುಡಿಯಕೂಡದು ಎನ್ನುತ್ತಾಳೆ. ಉಪದೇಶವಿಲ್ಲ, ಕಣ್ಣೀರಿಲ್ಲ. ಇಬ್ಬರ ಮದುವೆಯನ್ನೂ ಚಿತ್ರ ತೋರಿಸುವುದಿಲ್ಲ. ತರಕಾರಿ ಮಡಿಯಲ್ಲಿ ಕಳೆ ಕೀಳುತ್ತಲೇ ಅವನು ಮಾತೆತ್ತುತ್ತಾನೆ, ಅಷ್ಟೆ.

ನನ್ನ ಎದೆಗೆ ನಾಟಿದ್ದು ಒಂದು ರಾತ್ರಿ. ಹಳೆಯ ಹೆಂಡತಿಯ ಜೊತೆ ಜಗಳ, ಬರೆದ ಹಾಡಿಗೆ ಬೆಲೆಯಿಲ್ಲ. ಮ್ಯಾಕ್ ಟ್ರಕ್ ಹತ್ತಿ ಹೋಗುತ್ತಾನೆ. ರೋಸಾ ಲೀ ಹಾಸಿಗೆಯಲ್ಲಿ ನಿದ್ದೆಯಿಲ್ಲದೆ ಕಾಯುತ್ತಾಳೆ. ಕೊನೆಗೆ ಬಾಗಿಲ ಸದ್ದು. ಬಾಟಲಿ ಕೊಂಡೆ, ಸುರಿದುಬಿಟ್ಟೆ, ಕುಡಿದಿಲ್ಲ ಎನ್ನುತ್ತಾನೆ. ಅವಳು ನಂಬುತ್ತಾಳೆ. ಕಾದು ಕುಳಿತ ಹೆಂಡತಿಯರು ಈ ಕಾರ್ಯಕ್ರಮ ಕೇಳುತ್ತಿದ್ದರೆ, ಆ ನಂಬಿಕೆಗೆ ಎಷ್ಟು ಎದೆಗಾರಿಕೆ ಬೇಕೆಂಬುದನ್ನು ನಾನು ಹೇಳಬೇಕಿಲ್ಲ. ದೇವರ ಕರುಣೆಗೆ ಕೃತಜ್ಞತೆ ಹೇಳುವಾಗಲೆಲ್ಲ ನೀನೂ ಮಗನೂ ಮೊದಲಿಗರು ಎಂದು ಆಕೆ ಅವನಿಗೆ ಹೇಳುತ್ತಾಳೆ. ಚಿತ್ರದ ಹೆಸರು ಬಂದದ್ದೂ ಆ ಕರುಣೆಯಿಂದಲೇ.

ಮುಂದೆ ಚರ್ಚಿನಲ್ಲಿ ಮ್ಯಾಕ್‌ಗೂ ಹುಡುಗನಿಗೂ ಒಂದೇ ದಿನ ದೀಕ್ಷಾಸ್ನಾನ. ಮನೆಗೆ ಮರಳುವಾಗ ಹುಡುಗನಿಗೆ ಒಂದೇ ಯೋಚನೆ: ಎಲ್ಲರೂ ಬದಲಾಗುತ್ತೀಯ ಅಂದರು, ನನಗೇನೋ ಸ್ವಲ್ಪ ಬೇರೆ ಅನ್ನಿಸುತ್ತಿದೆ, ನಿನಗೆ? ಮ್ಯಾಕ್‌ನ ಉತ್ತರ, 'ಇನ್ನೂ ಇಲ್ಲ'. ಭಕ್ತಿಯನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಮಾತು ತೆರೆಯ ಮೇಲೆ ಅಪರೂಪ.

ಬರೆದವರು ಹಾರ್ಟನ್ ಫುಟ್, ನಿರ್ದೇಶಿಸಿದವರು ಆಸ್ಟ್ರೇಲಿಯಾದ ಬ್ರೂಸ್ ಬೆರೆಸ್‌ಫರ್ಡ್. ಮ್ಯಾಕ್ ಆದ ರಾಬರ್ಟ್ ಡುವಾಲ್ ತನ್ನ ಹಾಡುಗಳನ್ನು ತಾನೇ ಹಾಡಿದರು. ನಟನಿಗೂ ಚಿತ್ರಕಥೆಗೂ ಆಸ್ಕರ್ ಬಂತು.

ಮತ್ತೆ ಕಥೆಗೆ ಬಂದರೆ, ಮ್ಯಾಕ್‌ನ ಮಗಳು ಕಾರು ಅಪಘಾತದಲ್ಲಿ ಸಾಯುತ್ತಾಳೆ. ನಾನು ಚಿಕ್ಕವಳಿದ್ದಾಗ ನೀನು ಹಾಡುತ್ತಿದ್ದ ಪಾರಿವಾಳದ ಹಾಡು ನೆನಪಿದೆಯೇ ಎಂದು ಕೇಳಿದ್ದವಳು ಅವಳೇ. ನೆನಪಿಲ್ಲ ಎಂದಿದ್ದ. ಅವಳು ಹೊರಟ ಮೇಲೆ ಕಿಟಕಿಯ ಬಳಿ ನಿಂತು ಅದನ್ನೇ ಮೆಲ್ಲಗೆ ಹಾಡಿಕೊಂಡಿದ್ದ. ಈಗ ಅದೇ ತರಕಾರಿ ಮಡಿಯಲ್ಲಿ ಗುದ್ದಲಿ ಆಡಿಸುತ್ತ, ನಾನು ಬದುಕಿದ್ದೇಕೆ, ಅವಳು ಸತ್ತದ್ದೇಕೆ ಎಂದು ಕೇಳುತ್ತಾನೆ. ರೋಸಾ ಲೀ ಬಳಿ ಉತ್ತರವಿಲ್ಲ. ಅವನು ಬಾಟಲಿ ಹುಡುಕಿ ಹೋಗುವುದಿಲ್ಲ. ಬಯಲಿಗೆ ಬಂದು ಹುಡುಗನೊಡನೆ ಚೆಂಡು ಎಸೆದಾಡುತ್ತಾನೆ. ಬಾಗಿಲಲ್ಲಿ ನಿಂತ ರೋಸಾ ಲೀ ಮಾತಿಲ್ಲದೆ ಇಬ್ಬರನ್ನೂ ನೋಡುತ್ತಾಳೆ.

ನಮಸ್ಕಾರ.